ಇಪ್ಪತ್ತು ಟನ್ನಿನ ಎರಡು ಯಂತ್ರ: ಮೊದಲು ಕೇಳಬೇಕಾದ್ದು, ಡೀಸೆಲ್ ಯಾರದು?

ಕ್ವಾರಿಗೂ ಆಗಬೇಕು, ಕಟ್ಟಡದ ಪಾಯ ತೆಗೆಯುವುದಕ್ಕೂ ಆಗಬೇಕು ಅಂತ ಎಕ್ಸ್‌ಕವೇಟರ್ ನೋಡಲು ಹೊರಟವರು ಹತ್ತು ಕಡೆ ವಿಚಾರಿಸಿ, ಕೊನೆಗೆ ಎರಡು ಕೊಟೇಶನ್ ಮುಂದಿಟ್ಟುಕೊಂಡು ಕೂರುತ್ತಾರೆ. ನಮ್ಮ ಕಡೆ ಬಹಳ ಸಲ ಅವು ಟಾಟಾ ಹಿಟಾಚಿಯ ಇಎಕ್ಸ್ 210 ಮತ್ತು ಕೊಮಾಟ್ಸುವಿನ ಪಿಸಿ 210 ಆಗಿರುತ್ತವೆ. ಕೆಲವೊಮ್ಮೆ ಒಂದರ ಜಾಗಕ್ಕೆ ವೋಲ್ವೊ, ಹ್ಯುಂಡೈ, ಕೊಬೆಲ್ಕೊ, ಕ್ಯಾಟ್ ಅಥವಾ ಸ್ಯಾನಿ ಬರುತ್ತದೆ. ಈ ವ್ಯಾಪಾರಕ್ಕೆ ಕರ್ನಾಟಕ ಹೊರಗಿನದಲ್ಲ. ಟಾಟಾ ಹಿಟಾಚಿಯ ಕಾರ್ಖಾನೆ ಧಾರವಾಡದಲ್ಲಿದೆ, ವೋಲ್ವೊ ಪೀಣ್ಯದಲ್ಲಿದೆ, ಬಿಇಎಂಎಲ್ ಕೆಜಿಎಫ್‌ನಲ್ಲಿ ಮಣ್ಣು ಅಗೆಯುವ ಯಂತ್ರ ಮಾಡುತ್ತ ದಶಕಗಳೇ ಆದವು. ಕೊಮಾಟ್ಸು ಎಲ್‌ ಅಂಡ್ ಟಿ ಜತೆ 1998ರಲ್ಲಿ ಕಟ್ಟಿದ ಜಂಟಿ ಕಂಪನಿಯೂ ಬೆಂಗಳೂರಿನದೇ. 2013ರಲ್ಲಿ ಎಲ್‌ ಅಂಡ್ ಟಿ ಕೊಮಾಟ್ಸುವಿನ ಪಾಲು ಕೊಂಡು ಅದನ್ನು ಪೂರ್ತಿಯಾಗಿ ತನ್ನದಾಗಿಸಿಕೊಂಡಿತು.

ಎರಡು ಬ್ರೋಷರ್ ಅಕ್ಕಪಕ್ಕ ಹರಡಿದರೆ ಗೊಂದಲ ಇನ್ನೂ ಹೆಚ್ಚುತ್ತದೆ. ತೂಕ 20ರಿಂದ 22 ಟನ್, ಎಂಜಿನ್ 140ರಿಂದ 165 ಅಶ್ವಶಕ್ತಿ, ಅಗೆಯುವ ಆಳ ಆರೂವರೆ ಮೀಟರ್ ಸುಮಾರು, ಬಕೆಟ್ ಒಂದು ಘನ ಮೀಟರ್ ಆಸುಪಾಸು. ಎಲ್ಲವೂ ಹೆಚ್ಚುಕಡಿಮೆ ಒಂದೇ. ಆಗ ಗೆಳೆಯರನ್ನು ಕೇಳುತ್ತೇವೆ. ಒಬ್ಬರು "ಅದು ಡೀಸೆಲ್ ಕಮ್ಮಿ ಕುಡಿಯತ್ತೆ, ಅದನ್ನೇ ತಗೊಳ್ಳಿ" ಅನ್ನುತ್ತಾರೆ. ಇನ್ನೊಬ್ಬರು "ಇದರ ಸ್ಪೀಡ್ ಅದಕ್ಕೆಲ್ಲಿ ಬರತ್ತೆ" ಅನ್ನುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಮೊದಲನೆಯವರು ಗಂಟೆ ಬಾಡಿಗೆಗೆ ಬಿಡುವವರು, ಎರಡನೆಯವರು ಟನ್ ಲೆಕ್ಕದಲ್ಲಿ ಗುತ್ತಿಗೆ ಹಿಡಿದವರು. ಹಣ ಬರುವ ದಾರಿ ಬೇರೆಯಾದರೆ ಒಳ್ಳೆಯ ಯಂತ್ರವೂ ಬೇರೆಯಾಗುತ್ತದೆ.

ಗಂಟೆಗೆ ಎಷ್ಟು ಬೀಳುತ್ತದೆ

ಮೊದಲು ಖರ್ಚಿನ ಆಕಾರ ಕಣ್ಣಿಗೆ ಬೀಳಲಿ. ಇಲ್ಲಿಯ ಅಂಕಿಗಳು ಲೆಕ್ಕಕ್ಕೆ ಹಿಡಿದ ದುಂಡು ಅಂಕಿಗಳು, ನಿಮ್ಮ ಊರಿನ ದರ ಹಾಕಿಕೊಂಡು ತಿದ್ದಿಕೊಳ್ಳಿ. ಯಂತ್ರ 60 ಲಕ್ಷ, ವರ್ಷಕ್ಕೆ 2,000 ಗಂಟೆ ಕೆಲಸ, 5 ವರ್ಷ ಇಟ್ಟುಕೊಂಡು 10,000 ಗಂಟೆಗೆ 22 ಲಕ್ಷಕ್ಕೆ ಮಾರುತ್ತೀರಿ ಎಂದಿಟ್ಟುಕೊಳ್ಳೋಣ. ಕಳೆದುಹೋದ ಬೆಲೆ 38 ಲಕ್ಷ, ಅಂದರೆ ಗಂಟೆಗೆ 380 ರೂಪಾಯಿ. ಪೂರ್ತಿ ಸಾಲವೇ ಆದರೆ ಶೇ 10ರ ಬಡ್ಡಿಯಲ್ಲಿ 48 ಕಂತಿಗೆ ಬಡ್ಡಿಯೇ 13 ಲಕ್ಷ ಆಗುತ್ತದೆ, ಗಂಟೆಗೆ 130. ಇನ್ನು ಡೀಸೆಲ್. ಗಂಟೆಗೆ 14 ಲೀಟರ್, ಲೀಟರಿಗೆ 90 ರೂಪಾಯಿ ಹಿಡಿದರೆ ಗಂಟೆಗೆ 1,260. ಐದು ವರ್ಷಕ್ಕೆ 1 ಕೋಟಿ 26 ಲಕ್ಷ! ಯಂತ್ರದ ಬೆಲೆಯ ಎರಡರಷ್ಟಕ್ಕಿಂತ ಜಾಸ್ತಿ ಹಣವನ್ನು ಅದರ ಟ್ಯಾಂಕಿಗೆ ಸುರಿಯುತ್ತೇವೆ.

ಶೋರೂಮಿನಲ್ಲಿ ಎರಡು ಲಕ್ಷ ಇಳಿಸಿಕೊಳ್ಳಲು ನಾಲ್ಕು ದಿನ ಚೌಕಾಸಿ ಮಾಡುತ್ತೇವಲ್ಲ, ಆ ಎರಡು ಲಕ್ಷ 10,000 ಗಂಟೆಗೆ ಹಂಚಿದರೆ ಗಂಟೆಗೆ 20 ರೂಪಾಯಿ. ಕಾಲು ಲೀಟರ್ ಡೀಸೆಲ್ಲಿಗೂ ಸಾಲದು. ಚೌಕಾಸಿ ಮಾಡಬೇಡಿ ಅಂತಲ್ಲ. ಆದರೆ ಅದೇ ಎರಡು ಲಕ್ಷಕ್ಕೆ ಬದಲು ಒಳ್ಳೆಯ ಬಂಡೆ ಬಕೆಟ್ಟು, ಕಾರ್ಖಾನೆಯಲ್ಲೇ ಹಾಕಿದ ಬ್ರೇಕರ್ (ಬಂಡೆ ಒಡೆಯುವ ಸುತ್ತಿಗೆ) ಪೈಪ್‌ಲೈನು ಕೇಳಿ ಪಡೆದವರು ಹೆಚ್ಚು ಜಾಣರು.

ಡೀಸೆಲ್ ಯಾರದು?

ಈಗ ಎರಡು ಯಂತ್ರ ಕಲ್ಪಿಸಿಕೊಳ್ಳಿ. ಮೊದಲನೆಯದು ಗಂಟೆಗೆ 13 ಲೀಟರ್ ಕುಡಿದು ಸಿಡಿಸಿದ ಕಲ್ಲನ್ನು 150 ಟನ್ ತುಂಬುತ್ತದೆ. ಎರಡನೆಯದು 15 ಲೀಟರ್ ಕುಡಿದು 190 ಟನ್ ತುಂಬುತ್ತದೆ. ಯಾವುದು ಮಿತವ್ಯಯಿ?

ಗಂಟೆ ಬಾಡಿಗೆಗೆ, ಅದೂ ಡೀಸೆಲ್ ಸಮೇತ ಕೊಡುವವರಿಗೆ ಮೊದಲನೆಯದೇ. ನಿವೇಶನ ಸಮತಟ್ಟು ಮಾಡಿಸುವವರು, ಕೆರೆ ಹೂಳು ತೆಗೆಸುವವರು ಕೊಡುವುದು ಗಂಟೆಯ ದುಡ್ಡು, ಎರಡೂ ಯಂತ್ರಕ್ಕೆ ಒಂದೇ ದರ. ಎರಡನೆಯದನ್ನು ಇಟ್ಟುಕೊಂಡವರು ಪ್ರತಿ ಗಂಟೆಗೆ 180 ರೂಪಾಯಿ ಹೆಚ್ಚು ಸುಟ್ಟು ಬೇರೆಯವರ ಕೆಲಸವನ್ನು ಬೇಗ ಮುಗಿಸಿಕೊಟ್ಟ ಹಾಗೆ.

ಟನ್ ಲೆಕ್ಕದ ಗುತ್ತಿಗೆಯಾದರೆ ಮಾತು ಉಲ್ಟಾ. ಸಾವಿರ ಟನ್ ತುಂಬಲು ಮೊದಲನೆಯದಕ್ಕೆ 87 ಲೀಟರ್ ಬೇಕು, ಆರು ಗಂಟೆ ನಲವತ್ತು ನಿಮಿಷ ಬೇಕು. ಎರಡನೆಯದಕ್ಕೆ 79 ಲೀಟರ್ ಸಾಕು, ಐದೂಕಾಲು ಗಂಟೆಗೆ ಮುಗಿಯುತ್ತದೆ. ಡೀಸೆಲ್ಲೂ ಉಳಿಯಿತು, ಆಪರೇಟರ್ ಸಂಬಳದ ಗಂಟೆಯೂ ಉಳಿಯಿತು, ಚೈನಿನ ಸವೆತವೂ ಉಳಿಯಿತು. "ಗಂಟೆಗೆ ಎಷ್ಟು ಲೀಟರ್" ಅನ್ನುವ ಪ್ರಶ್ನೆ ಇಲ್ಲಿ ದಾರಿ ತಪ್ಪಿಸುತ್ತದೆ. ಕೇಳಬೇಕಾದ್ದು ಲೀಟರಿಗೆ ಎಷ್ಟು ಟನ್ ಎಂದು.

ಸ್ವಂತ ಕ್ರಷರ್ ಇದ್ದವರಿಗೆ ಇನ್ನೊಂದು ತಿರುವಿದೆ. ಕ್ರಷರಿನ ಬಾಯಿ ಗಂಟೆಗೆ 150 ಟನ್ ಮಾತ್ರ ನುಂಗುವುದಾದರೆ ಎರಡನೆಯ ಯಂತ್ರ ಗಂಟೆಗೆ 47 ನಿಮಿಷ ದುಡಿದು 13 ನಿಮಿಷ ಸುಮ್ಮನೆ ಗುರುಗುಟ್ಟುತ್ತ ನಿಲ್ಲಬೇಕು. ಖಾಲಿ ಓಟಕ್ಕೆ ಗಂಟೆಗೆ ಮೂರೂವರೆ ಲೀಟರ್ ಹಿಡಿದರೂ ಅದರ ಖರ್ಚು 12.6 ಲೀಟರ್ ಆಗುತ್ತದೆ, ಮೊದಲನೆಯದಕ್ಕಿಂತ 0.4 ಲೀಟರ್ ಮಾತ್ರ ಕಡಿಮೆ. ಎಂಟು ಲೀಟರಿನ ಉಳಿತಾಯ ಸಾವಿರ ಟನ್ನಿಗೆ ಮೂರು ಲೀಟರಿಗೆ ಇಳಿಯಿತು. ಟಿಪ್ಪರ್ ಕೊರತೆ ಇದ್ದರೂ ಇದೇ ಕಥೆ. ಕ್ವಾರಿಯಲ್ಲಿ ನಿಂತು ಒಂದು ದಿನ ನೋಡಿ: ಯಂತ್ರ ಟಿಪ್ಪರಿಗಾಗಿ ಕಾಯುತ್ತಿದೆಯೋ, ಟಿಪ್ಪರ್ ಯಂತ್ರಕ್ಕಾಗಿ ಕಾಯುತ್ತಿದೆಯೋ? ಯಂತ್ರವೇ ಕಾಯುತ್ತಿದ್ದರೆ ಇನ್ನೂ ವೇಗದ ಯಂತ್ರಕ್ಕೆ ದುಡ್ಡು ಹಾಕುವುದರಲ್ಲಿ ಅರ್ಥವಿಲ್ಲ, ಇನ್ನೊಂದು ಟಿಪ್ಪರ್ ತನ್ನಿ.

ತಿಂಗಳ ಬಾಡಿಗೆಗೆ ದೊಡ್ಡ ರಸ್ತೆ ಗುತ್ತಿಗೆದಾರರಿಗೆ ಕೊಡುವಾಗ ಎಷ್ಟೋ ಕಡೆ ಡೀಸೆಲ್ ಅವರದೇ. ಆಗ ನಿಮ್ಮ ತಲೆನೋವು ಡೀಸೆಲ್ ಅಲ್ಲ, ಯಂತ್ರ ಕೆಟ್ಟು ನಿಲ್ಲಬಾರದು ಅಷ್ಟೆ. ಆದರೆ ಅವರ ಸೈಟ್ ಎಂಜಿನಿಯರ್ ಲೀಟರ್ ಲೆಕ್ಕ ಬರೆದಿಡುತ್ತಾರೆ, ಹೆಚ್ಚು ಕುಡಿಯುವ ಯಂತ್ರವನ್ನು ಮೊದಲು ವಾಪಸ್ ಕಳಿಸುತ್ತಾರೆ ಅನ್ನುವುದೂ ನೆನಪಿರಲಿ.

ಬ್ರೋಷರ್ ಓದುವ ಬಗೆ

ಅಂಕಿಗಳು ಸುಳ್ಳಲ್ಲ, ಆದರೆ ಎರಡು ಕಂಪನಿಗಳು ಎರಡು ಬೇರೆ ಅಳತೆಗೋಲು ಹಿಡಿದಿರಬಹುದು. ಸಣ್ಣಕ್ಷರದಲ್ಲಿ ಯಾವ ಮಾನದಂಡ ಎಂದು ಬರೆದಿರುತ್ತದೆ, ಕಣ್ಣು ಅಲ್ಲಿಗೆ ಹೋಗಬೇಕು.

ಎಂಜಿನ್ ಶಕ್ತಿಯಲ್ಲಿ ಗ್ರಾಸ್, ನೆಟ್ ಎಂದು ಎರಡಿವೆ. ಗ್ರಾಸ್ ಎಂದರೆ ರೇಡಿಯೇಟರ್ ಫ್ಯಾನಿನಂಥ ಹೊರೆಗಳನ್ನು ಲೆಕ್ಕಕ್ಕೆ ಹಿಡಿಯದೆ ಅಳೆದದ್ದು, ನೆಟ್ ಎಂದರೆ ಅವನ್ನು ಕಳೆದು ಉಳಿದದ್ದು. ಒಂದು ಬ್ರೋಷರಿನ ಗ್ರಾಸನ್ನು ಇನ್ನೊಂದರ ನೆಟ್ಟಿಗೆ ಹೋಲಿಸಿ "ಹತ್ತು ಅಶ್ವಶಕ್ತಿ ಜಾಸ್ತಿ" ಅನ್ನುವುದು ವ್ಯರ್ಥ.

ಬಕೆಟ್ಟಿನ ಅಳತೆಯಲ್ಲಿ ಇದಕ್ಕಿಂತ ದೊಡ್ಡ ಮೋಸಹೋಗುವ ಜಾಗವಿದೆ. ಅಂಚಿನ ಮಟ್ಟದ ಮೇಲೆ ರಾಶಿ ಎಷ್ಟು ಕಡಿದಾಗಿ ನಿಲ್ಲುತ್ತದೆ ಎಂದು ಊಹಿಸುತ್ತೀರಿ ಅನ್ನುವುದರ ಮೇಲೆ ಘನ ಮೀಟರ್ ಬದಲಾಗುತ್ತದೆ. ಅಮೆರಿಕದ ಎಸ್‌ಎಇ ಪದ್ಧತಿ ಕಡಿದಾದ ರಾಶಿ ಹಿಡಿಯುತ್ತದೆ, ಯುರೋಪಿನ ಸಿಇಸಿಇ ಪದ್ಧತಿ ತಗ್ಗು ರಾಶಿ ಹಿಡಿಯುತ್ತದೆ. ಒಂದರಲ್ಲಿ 0.8 ಘನ ಮೀಟರ್ ಅನ್ನಿಸಿಕೊಂಡ ಅದೇ ಬಕೆಟ್ಟು ಇನ್ನೊಂದರಲ್ಲಿ 0.7 ಆಗುತ್ತದೆ. ಕಬ್ಬಿಣ ಒಂದು ಚೂರೂ ಬದಲಾಗಿರುವುದಿಲ್ಲ.

ಅಗೆಯುವ ಬಲವೂ ಹಾಗೆಯೇ. ಐಎಸ್‌ಒ ಪ್ರಕಾರ ಕೊಟ್ಟ ಅಂಕಿ ಎಸ್‌ಎಇ ಪ್ರಕಾರದ್ದಕ್ಕಿಂತ ಸಾಮಾನ್ಯವಾಗಿ ದೊಡ್ಡದು. ಬಕೆಟ್ ಬಲದಲ್ಲಿ ಆ ವ್ಯತ್ಯಾಸ ಶೇ 10ರ ಸುಮಾರಿಗೂ ಹೋಗುತ್ತದೆ. ಅದರ ಜತೆ ಪವರ್ ಬೂಸ್ಟ್ ಗುಂಡಿ ಒತ್ತಿದಾಗಿನ ಅಂಕಿಯೋ ಮಾಮೂಲಿನದೋ ನೋಡಿ. ಬೂಸ್ಟ್ ಇರುವುದು ಕೆಲವೇ ಸೆಕೆಂಡು, ಸಿಕ್ಕಿಬಿದ್ದ ಒಂದು ಬಂಡೆ ಎಬ್ಬಿಸಲು. ದಿನವಿಡೀ ಅದರಲ್ಲಿ ಕೆಲಸ ನಡೆಯುವುದಿಲ್ಲ. ಬಕೆಟ್ ಬಲ ಮತ್ತು ಆರ್ಮ್ (ಬಕೆಟ್ ಹಿಡಿದಿರುವ ಮುಂಗೈ) ಬಲ ಬೇರೆ ಬೇರೆ ಅನ್ನುವುದನ್ನೂ ಮರೆಯಬಾರದು. ಬಕೆಟ್ ತಿರುಗಿಸಿ ಕೀಳುವ ಶಕ್ತಿ ಒಂದು, ಆರ್ಮ್ ಒಳಕ್ಕೆಳೆದು ಸಿಡಿಸಿದ ರಾಶಿಯೊಳಗೆ ನುಗ್ಗಿಸುವ ಶಕ್ತಿ ಇನ್ನೊಂದು. ಕ್ವಾರಿಯಲ್ಲಿ ದುಡಿಯುವುದು ಮುಖ್ಯವಾಗಿ ಈ ಎರಡನೆಯದು, ಬ್ರೋಷರಿನಲ್ಲಿ ದಪ್ಪಕ್ಷರದಲ್ಲಿ ಕಾಣುವುದು ಮೊದಲನೆಯದು.

ಈಗ ಸ್ವಲ್ಪ ಆಳಕ್ಕೆ ಇಳಿಯೋಣ, ಏಕೆಂದರೆ ಎರಡು ಯಂತ್ರಗಳ ನಿಜವಾದ ವ್ಯತ್ಯಾಸ ಅಡಗಿರುವುದು ಪಂಪಿನಲ್ಲಿ. ಈ ವರ್ಗದಲ್ಲಿ ಎರಡು ಮುಖ್ಯ ಪಂಪುಗಳು ಸೇರಿ ನಿಮಿಷಕ್ಕೆ ಸುಮಾರು 430 ಲೀಟರ್ ಎಣ್ಣೆ ತಳ್ಳಬಲ್ಲವು, ಒತ್ತಡ 350 ಬಾರ್ ವರೆಗೆ ಏರುತ್ತದೆ. ಈ ಎರಡನ್ನು ಗುಣಿಸಿ 600ರಿಂದ ಭಾಗಿಸಿದರೆ ಶಕ್ತಿ ಕಿಲೋವ್ಯಾಟಿನಲ್ಲಿ ಬರುತ್ತದೆ: 250 ಕಿಲೋವ್ಯಾಟ್. ಆದರೆ ಎಂಜಿನ್ ಕೊಡುವುದು 105ರಿಂದ 120 ಕಿಲೋವ್ಯಾಟ್! ಅಂದರೆ ಬ್ರೋಷರಿನ ಗರಿಷ್ಠ ಹರಿವು ಮತ್ತು ಗರಿಷ್ಠ ಒತ್ತಡ ಒಟ್ಟಿಗೆ ಎಂದೂ ಬರುವುದಿಲ್ಲ. ಹಲ್ಲು ಗಟ್ಟಿ ನೆಲಕ್ಕೆ ತಾಗಿ ಒತ್ತಡ ಏರಿದ ಕೂಡಲೇ ಪಂಪು ತನ್ನ ಹರಿವನ್ನು ತಾನೇ ತಗ್ಗಿಸಿಕೊಳ್ಳುತ್ತದೆ, ಇಲ್ಲದಿದ್ದರೆ ಎಂಜಿನ್ ಉಸಿರುಗಟ್ಟಿ ನಿಂತುಬಿಡುತ್ತದೆ. ಎಷ್ಟು ಬೇಗ ತಗ್ಗಿಸುತ್ತದೆ, ಬೂಮ್ (ಆರ್ಮ್ ಹೊತ್ತ ದೊಡ್ಡ ತೋಳು) ಎತ್ತುತ್ತಲೇ ಯಂತ್ರದ ಮೇಲ್ಭಾಗವನ್ನು ತಿರುಗಿಸಿದಾಗ ಇರುವ ಎಣ್ಣೆಯನ್ನು ಯಾರಿಗೆ ಎಷ್ಟು ಹಂಚುತ್ತದೆ ಅನ್ನುವುದರಲ್ಲಿ ಪ್ರತಿ ಕಂಪನಿಯದೂ ಒಂದೊಂದು ದಾರಿ. ಕೊಮಾಟ್ಸು ಹೊರೆ ಗ್ರಹಿಸಿ ಎಣ್ಣೆ ಕಳಿಸುವ ಕ್ಲೋಸ್ಡ್ ಸೆಂಟರ್ ವ್ಯವಸ್ಥೆ ಬಳಸುತ್ತದೆ. ಎಣ್ಣೆ ಸದಾ ಹರಿಯುತ್ತಲೇ ಇರುವ ಹಳೆಯ ಓಪನ್ ಸೆಂಟರ್ ದಾರಿಯನ್ನೇ ಹದಗೊಳಿಸಿಕೊಂಡು ಬಂದ ತಯಾರಕರೂ ಇದ್ದಾರೆ. "ಈ ಗಾಡಿ ಕೈಗೆ ಮೆತ್ತಗಿದೆ", "ಆ ಗಾಡಿ ಏಟು ಕೊಡತ್ತೆ" ಎಂದು ಆಪರೇಟರ್‌ಗಳು ಹೇಳುವುದು ಈ ಹಂಚಿಕೆಯನ್ನೇ. ಅಂಕಿಯಲ್ಲಿ ಸಿಗದ ಈ ಗುಣಕ್ಕೆ ಅವರ ಮಾತೇ ಸಾಕ್ಷಿ, ಲಿವರ್ ಹಿಡಿಯದ ಮಾಲೀಕರು ಇಲ್ಲಿ ಸುಮ್ಮನಿದ್ದು ಕೇಳಿಸಿಕೊಳ್ಳುವುದು ಲೇಸು.

ಬ್ರ್ಯಾಂಡಿಗಿಂತ ಮೊದಲು ಆರ್ಮ್, ಬಕೆಟ್, ಚೈನ್

ಒಂದೇ ಮಾಡೆಲ್ಲಿನ ಎರಡು ಯಂತ್ರಗಳ ನಡುವೆ ಇರಬಹುದಾದ ಅಂತರ ಎರಡು ಬ್ರ್ಯಾಂಡುಗಳ ಅಂತರಕ್ಕಿಂತ ದೊಡ್ಡದು. ಇದನ್ನು ಎಷ್ಟು ಸಲ ಹೇಳಿದರೂ ಕೊಳ್ಳುವವರ ಕಿವಿಗೆ ಬೀಳುವುದಿಲ್ಲ, ಬಣ್ಣ ಮೊದಲು ಕಾಣುತ್ತದಲ್ಲ.

ಈ ವರ್ಗದಲ್ಲಿ ಮಾಮೂಲಿ ಆರ್ಮ್ 2.9 ಮೀಟರ್ ಸುಮಾರು, ಗಿಡ್ಡ ಆರ್ಮ್ 2.4 ಮೀಟರ್ ಸುಮಾರು. ಗಿಡ್ಡದಕ್ಕೆ ಒಳಕ್ಕೆಳೆಯುವ ಬಲ ಹೆಚ್ಚು, ದೊಡ್ಡ ಬಕೆಟ್ಟನ್ನೂ ತಾಳಿಕೊಳ್ಳುತ್ತದೆ, ಕಲ್ಲು ತುಂಬಲು ಹೇಳಿಮಾಡಿಸಿದ್ದು. ಆದರೆ ಬೆಂಗಳೂರಿನ ಅಪಾರ್ಟ್‌ಮೆಂಟಿನ ಎರಡು ಅಂತಸ್ತಿನ ಬೇಸ್‌ಮೆಂಟ್ ತೆಗೆಯುವಾಗ, ಒಳಚರಂಡಿಯ ಆಳದ ಕಾಲುವೆ ತೋಡುವಾಗ ಆ ಅರ್ಧ ಮೀಟರ್ ಇಲ್ಲದ್ದು ಕಾಡುತ್ತದೆ. ಎರಡೂ ಕೆಲಸ ಮಾಡುವವರು ಯಾವುದರಲ್ಲಿ ವರ್ಷದ ಹೆಚ್ಚು ಗಂಟೆ ಕಳೆಯುತ್ತದೆ ಎಂದು ಪ್ರಾಮಾಣಿಕವಾಗಿ ಎಣಿಸಬೇಕು. ನನ್ನ ಮಾತು ಕೇಳುವುದಾದರೆ, ಕ್ವಾರಿ ಅರ್ಧಕ್ಕಿಂತ ಹೆಚ್ಚಿದ್ದರೆ ಗಿಡ್ಡ ಆರ್ಮ್ ಹಾಕಿಸಿ, ವರ್ಷದಲ್ಲಿ ನಾಲ್ಕು ಆಳದ ಗುಂಡಿಗೆ ಬಾಡಿಗೆ ಯಂತ್ರ ತಂದರೂ ನಷ್ಟವಿಲ್ಲ.

ಬಕೆಟ್ಟಿನ ವಿಷಯಕ್ಕೆ ಬಂದರೆ ಮಣ್ಣಿನ ಬಕೆಟ್ಟನ್ನು ಕಲ್ಲಿಗೆ ಇಳಿಸುವುದೇ ದೊಡ್ಡ ತಪ್ಪು. ಸಡಿಲ ಮಣ್ಣು ಘನ ಮೀಟರಿಗೆ 1.3ರಿಂದ 1.4 ಟನ್ ತೂಗಿದರೆ ಸಿಡಿಸಿದ ಗ್ರಾನೈಟ್ 1.6 ಟನ್ ತೂಗುತ್ತದೆ. ಅದರ ಮೇಲೆ ಕಲ್ಲಿನ ಅಂಚು ಬಕೆಟ್ಟಿನ ತಳವನ್ನು ಕೆರೆದು ತೆಳ್ಳಗೆ ಮಾಡುತ್ತದೆ. ಮಣ್ಣಿಗೆ 1.2 ಘನ ಮೀಟರ್ ಹಾಕಿದವರು ಕಲ್ಲಿಗೆ 0.9ರಿಂದ 1ರ ದಪ್ಪ ತಗಡಿನ ಬಂಡೆ ಬಕೆಟ್ಟಿಗೆ ಇಳಿಯಬೇಕು. ಚಿಕ್ಕ ಬಕೆಟ್ಟಿನಲ್ಲಿ ಕೆಲಸ ನಿಧಾನ ಅಂತ ಬೇಸರಪಡಬೇಡಿ, ಸಿಡಿಸಿದ ಕಲ್ಲಿನಲ್ಲಿ ಬಕೆಟ್ ಎಷ್ಟು ತುಂಬುತ್ತದೆ ಅನ್ನುವುದನ್ನು ನಿರ್ಧರಿಸುವುದು ಬ್ಲಾಸ್ಟಿಂಗ್. ಚೆನ್ನಾಗಿ ಒಡೆದ ರಾಶಿಯಲ್ಲಿ ಬಕೆಟ್ ಶೇ 85ರ ತನಕ ತುಂಬುತ್ತದೆ, ದೊಡ್ಡ ದೊಡ್ಡ ಗುಂಡುಗಳೇ ಬಿದ್ದಿದ್ದರೆ ಶೇ 60 ದಾಟುವುದಿಲ್ಲ. ಕುಳಿಗಳ ಅಂತರ ಸರಿಮಾಡಿ ಸಿಡಿಸುವುದರಿಂದ ಸಿಗುವ ಈ ಲಾಭವನ್ನು ಯಾವ ಕಂಪನಿಯ ಪಂಪೂ ಕೊಡಲಾರದು.

ಚೈನಿಗೆ ಬರೋಣ. ಹೆಸರಿನ ಕೊನೆಯ ಎಲ್‌ಸಿ ಅಂದರೆ ಉದ್ದ ಚೈನಿನ ಅಡಿಗಾಡಿ. ಕಲ್ಲು ಎತ್ತುವಾಗ ಹಿಂದೆ ಮುಂದೆ ತೊನೆಯದೆ ನಿಲ್ಲುತ್ತದೆ, ಕ್ವಾರಿಗೆ ಅದೇ ಬೇಕು. ಅದರ ಪಟ್ಟಿ ಎಷ್ಟು ಅಗಲ ಅನ್ನುವುದು ನೆಲದ ಮೇಲೆ ನಿಂತಿದೆ. ರಾಮನಗರ, ಕೋಲಾರ, ಚಿಕ್ಕಬಳ್ಳಾಪುರದ ಗ್ರಾನೈಟ್ ಕ್ವಾರಿಗೆ 600 ಮಿಲಿಮೀಟರ್ ಧಾರಾಳ. ಅದಕ್ಕಿಂತ ಅಗಲದ್ದು ಹಾಕಿದರೆ ಏರುಪೇರು ಬಂಡೆಯ ಮೇಲೆ ಪಟ್ಟಿಯ ತುದಿಗೆ ಭಾರ ಬಿದ್ದು ತಿರುಚುತ್ತದೆ, ಬೋಲ್ಟು ಕತ್ತರಿಸುತ್ತದೆ. ಬೆಳಗಾವಿ, ವಿಜಯಪುರ, ಕಲಬುರಗಿ ಕಡೆಯ ಎರೆ ಭೂಮಿಯಲ್ಲಿ ಮಳೆಗಾಲದ ಕೆಲಸವಿದ್ದರೆ ಮಾತ್ರ ಅಗಲ ಪಟ್ಟಿ ಯೋಚಿಸಿ. ಅಲ್ಲೂ ಬಸಾಲ್ಟ್ ಕ್ವಾರಿಗೆ ಇದೇ ಯಂತ್ರ ಹೋಗುವುದಾದರೆ ಬೇಡ. ಅಗಲ ಹೆಚ್ಚಾದಂತೆ ಟ್ರೇಲರ್ ಮೇಲೆ ಸಾಗಿಸುವ ರಗಳೆಯೂ ಹೆಚ್ಚುತ್ತದೆ. ಎಲ್‌ಸಿ ಯಂತ್ರ 600ರ ಪಟ್ಟಿಯಲ್ಲೇ ಮೂರು ಮೀಟರ್ ಹತ್ತಿರ ಅಗಲ ಇರುತ್ತದೆ.

ಚೈನ್ ಯಂತ್ರಗಳ ರಿಪೇರಿ ಖರ್ಚಿನಲ್ಲಿ ಅಡಿಗಾಡಿಯದು ದೊಡ್ಡ ಪಾಲು. ಕೊಟೇಶನ್ ಹೋಲಿಸುವಾಗ ಎರಡೂ ಕಡೆ ಪೂರ್ತಿ ಸೆಟ್ಟಿನ ಬೆಲೆ ಕೇಳಿ: ಚೈನ್ ಲಿಂಕ್, ಕೆಳ ರೋಲರ್, ಮೇಲಿನ ರೋಲರ್, ಐಡ್ಲರ್, ಸ್ಪ್ರಾಕೆಟ್ (ಚೈನನ್ನು ಎಳೆಯುವ ಹಲ್ಲಿನ ಚಕ್ರ). ಎಂಜಿನ್ ಫಿಲ್ಟರಿನ ಬೆಲೆ ಕೇಳುವವರು ಇದನ್ನು ಕೇಳುವುದಿಲ್ಲ. ಕ್ವಾರಿಯ ಕೆಳಗಿನಿಂದ ಶೆಡ್‌ವರೆಗೆ ಯಂತ್ರವನ್ನು ದಿನಾ ಓಡಾಡಿಸುವ ಅಭ್ಯಾಸ, ಸ್ಪ್ರಾಕೆಟ್ ಮುಂದೆ ಮಾಡಿಕೊಂಡು ದೂರ ಹೋಗುವ ಅಭ್ಯಾಸ ಇದ್ದರೆ ಯಾವ ಬ್ರ್ಯಾಂಡಿನ ಚೈನೂ ಬಾಳುವುದಿಲ್ಲ.

ಬ್ರೇಕರ್ ಹಾಕುತ್ತೀರಾ?

ಊರು ಹತ್ತಿರವಿದ್ದು ಬ್ಲಾಸ್ಟಿಂಗ್ ಅನುಮತಿ ಸಿಗದ ಕಡೆ, ಪಾಯದಲ್ಲಿ ಬಂಡೆ ಎದ್ದ ಕಡೆ, ಕ್ವಾರಿಯ ದೊಡ್ಡ ಗುಂಡು ಒಡೆಯುವ ಕಡೆ ಬಕೆಟ್ ಬಿಚ್ಚಿ ಬ್ರೇಕರ್ ಹಾಕುತ್ತಾರೆ. ಬ್ರೇಕರ್ ಬಾಡಿಗೆಯ ದರ ಹೆಚ್ಚು, ಆಸೆ ಸಹಜ. ಆದರೆ ಬ್ರೇಕರಿನ ಒಂದು ಗಂಟೆಯನ್ನು ಅವರ್ ಮೀಟರ್ ಬಕೆಟ್ಟಿನ ಒಂದು ಗಂಟೆಯ ಹಾಗೇ ತೋರಿಸಿದರೂ ಯಂತ್ರದ ಮೈಗೆ ಅವು ಸಮವಲ್ಲ. ಪ್ರತಿ ಏಟಿನ ಕಂಪನ ಆರ್ಮ್, ಬೂಮ್, ಪಿನ್-ಬುಷ್‌ಗಳಿಗೆ ಹಿಂದಿರುಗುತ್ತದೆ. ಎಣ್ಣೆ ಬಿಸಿಯಾಗಿ ಬೇಗ ಕೆಡುತ್ತದೆ, ಉಳಿಯ ಸುತ್ತಲಿನಿಂದ ಕಲ್ಲಿನ ಪುಡಿ ಎಣ್ಣೆಗೆ ಸೇರುತ್ತದೆ. ಬಕೆಟ್ ಕೆಲಸದಲ್ಲಿ ಸಾವಿರಾರು ಗಂಟೆ ಬಾಳುವ ಹೈಡ್ರಾಲಿಕ್ ಎಣ್ಣೆಯನ್ನು ಪೂರ್ತಿ ಬ್ರೇಕರ್ ಕೆಲಸದಲ್ಲಿ 600 ಗಂಟೆಗೇ, ಫಿಲ್ಟರನ್ನು 100 ಗಂಟೆಗೇ ಬದಲಿಸಿ ಎಂದು ಹೇಳುವ ಕೈಪಿಡಿಗಳಿವೆ. ಎರಡೂ ಕಂಪನಿಯ ಕೈಪಿಡಿಯಲ್ಲಿ ಆ ಪಟ್ಟಿ ತೆಗೆಸಿ ಓದಿ, ಗಂಟೆ ಖರ್ಚಿಗೆ ಸೇರಿಸಿ. ಬ್ರೇಕರ್ ಲಾಭದ ಬಾಡಿಗೆ ಅನ್ನಿಸಿದ್ದು ಸ್ವಲ್ಪ ಕರಗುತ್ತದೆ.

ಎರಡು ಯಂತ್ರಗಳ ನಡುವೆ ಇಲ್ಲಿ ನೋಡಬೇಕಾದ್ದು ಮೂರು. ಬ್ರೇಕರ್ ಪೈಪ್‌ಲೈನ್ ಕಾರ್ಖಾನೆಯದೋ, ಊರಿನ ಗ್ಯಾರೇಜಿನಲ್ಲಿ ಬೆಸೆದದ್ದೋ. ಬ್ರೇಕರಿನಿಂದ ಮರಳುವ ಎಣ್ಣೆ ಫಿಲ್ಟರಿನ ಮೂಲಕ ನೇರ ಟ್ಯಾಂಕಿಗೆ ಹೋಗುತ್ತದೋ, ಮುಖ್ಯ ವಾಲ್ವಿನೊಳಗೆ ನುಗ್ಗುತ್ತದೋ. ಹರಿವನ್ನು ಬ್ರೇಕರಿಗೆ ತಕ್ಕಂತೆ ಕ್ಯಾಬಿನ್ನಿನಿಂದಲೇ ಹೊಂದಿಸಬಹುದೋ ಇಲ್ಲವೋ. ಜತೆಗೆ, ಗ್ಯಾರೇಜಿನ ಪೈಪು ಹಾಕಿಸಿದರೆ ವಾರಂಟಿ ಉಳಿಯುತ್ತದೋ ಎಂದು ಬರೆಸಿಕೊಳ್ಳಿ. ಹಳೆ ಯಂತ್ರ ಕೊಳ್ಳುವವರು ಮೊದಲು ಬಗ್ಗಿ ನೋಡುವುದು ಬೂಮಿನ ತಳದ ಬೆಸುಗೆಯನ್ನು. ಬ್ರೇಕರಿನಲ್ಲೇ ಆಯುಷ್ಯ ಕಳೆದ ಯಂತ್ರಕ್ಕೆ ಬೆಲೆ ಎಷ್ಟು ಬೀಳುತ್ತದೆ ಅನ್ನುವುದು ಮಾರಲು ಹೋದಾಗ ಗೊತ್ತಾಗುತ್ತದೆ.

ಡೆಮೊ ಅಂದರೆ ಚಹಾ ಕುಡಿದು ನೋಡುವುದಲ್ಲ

ಕಂಪನಿಯವರು ಡೆಮೊಗೆ ಯಂತ್ರದ ಜತೆ ತಮ್ಮ ಪಳಗಿದ ಆಪರೇಟರನ್ನೂ ಕಳಿಸುತ್ತಾರೆ. ಆತನ ಕೈಯಲ್ಲಿ ಯಾವ ಯಂತ್ರವೂ ಕುಣಿಯುತ್ತದೆ. ಒಂದೆರಡು ಗಂಟೆ ಆತನಿಂದ ಕಲಿತ ಮೇಲೆ ಲಿವರ್ ನಿಮ್ಮ ಆಪರೇಟರ್ ಕೈಗೆ ಬರಲಿ. ನಾಳೆ ದುಡಿಯುವವರು ಅವರೇ.

ಎರಡು ಯಂತ್ರವೂ ಒಂದೇ ಸಿಡಿತದ ರಾಶಿಯಲ್ಲಿ ಕೆಲಸ ಮಾಡಬೇಕು, ಬೇರೆ ಬೇರೆ ದಿನದ ಬೇರೆ ರಾಶಿಯಲ್ಲಿ ಅಲ್ಲ. ಬಕೆಟ್ಟಿನ ಅಳತೆ ಒಂದೇ ಇರಲಿ, ಹಲ್ಲುಗಳು ಒಂದೇ ಸ್ಥಿತಿಯಲ್ಲಿರಲಿ, ಮೋಡ್ ಒಂದೇ ಇರಲಿ. ಒಂದು ಪವರ್ ಮೋಡಿನಲ್ಲಿ, ಇನ್ನೊಂದು ಎಕಾನಮಿಯಲ್ಲಿ ಓಡಿದರೆ ಆ ಹೋಲಿಕೆಯನ್ನು ಹರಿದು ಬಿಸಾಡಿ. ಶುರುವಿಗೆ ಸಮತಟ್ಟು ನೆಲದಲ್ಲಿ ನಿಲ್ಲಿಸಿ ಟ್ಯಾಂಕನ್ನು ಬಾಯಿಮಟ್ಟ ತುಂಬಿ, ಕನಿಷ್ಠ ಅರ್ಧ ದಿನ ಓಡಿಸಿ, ಅದೇ ಜಾಗದಲ್ಲಿ ನಿಲ್ಲಿಸಿ ಮತ್ತೆ ಬಾಯಿಮಟ್ಟ ತುಂಬಿ. ಹಾಕಿದ ಲೀಟರೇ ಖರ್ಚು. ಟಿಪ್ಪರುಗಳನ್ನು ಬರೀ ಎಣಿಸಬೇಡಿ, ಪ್ರತಿಯೊಂದನ್ನೂ ವೇ ಬ್ರಿಡ್ಜ್ ಹತ್ತಿಸಿ. ಟಿಪ್ಪರಿಗಾಗಿ ಯಂತ್ರ ಕಾದ ನಿಮಿಷಗಳನ್ನು ಬೇರೆ ಬರೆದಿಡಿ. ಸಂಜೆಗೆ ನಿಮ್ಮ ಕೈಯಲ್ಲಿ ಎರಡು ಅಂಕಿ ಇರುತ್ತವೆ: ಲೀಟರಿಗೆ ಎಷ್ಟು ಟನ್, ಗಂಟೆಗೆ ಎಷ್ಟು ಟನ್.

ಬಂದ ಅಂಕಿ ನಂಬುವಂಥದ್ದೋ ಎಂದು ಹೀಗೆ ಪರೀಕ್ಷಿಸಬಹುದು. ಒಂದು ಘನ ಮೀಟರ್ ಬಕೆಟ್ಟು, ಶೇ 80 ತುಂಬಿತು, ತುಂಬಿ ತಿರುಗಿ ಸುರಿದು ಮರಳಲು 20 ಸೆಕೆಂಡು, ಗಂಟೆಯಲ್ಲಿ 50 ನಿಮಿಷ ನಿಜವಾದ ಕೆಲಸ. ಅಂದರೆ 150 ಸುತ್ತು, 120 ಘನ ಮೀಟರ್, ಸುಮಾರು 190 ಟನ್. ಯಾರಾದರೂ ಇದೇ ವರ್ಗದ ಯಂತ್ರ ಇದೇ ಕಲ್ಲಿನಲ್ಲಿ ಗಂಟೆಗೆ 300 ಟನ್ ತುಂಬುತ್ತದೆ ಎಂದರೆ ನಕ್ಕು ಮುಂದೆ ಹೋಗಿ. ಟಿಪ್ಪರ್ ನಿಂತ ಕೋನವೂ ಲೆಕ್ಕಕ್ಕೆ ಬರುತ್ತದೆ. ಯಂತ್ರ ಟಿಪ್ಪರಿಗಿಂತ ಎತ್ತರದ ದಿಬ್ಬದಲ್ಲಿ ನಿಂತು ಕಡಿಮೆ ತಿರುಗಿ ಸುರಿದರೆ ಸುತ್ತಿಗೆ ಎರಡು ಮೂರು ಸೆಕೆಂಡು ಉಳಿಯುತ್ತದೆ. ಇಪ್ಪತ್ತು ಸೆಕೆಂಡಿನಲ್ಲಿ ಎರಡು ಅಂದರೆ ಶೇ 10. ಎರಡು ಬ್ರ್ಯಾಂಡಿನ ನಡುವೆ ಅಷ್ಟು ಅಂತರ ಸಿಕ್ಕರೆ ದೊಡ್ಡ ಮಾತು.

ಕ್ಯಾಬಿನ್, ಎಸಿ, ಸೀಟು ಎರಡರಲ್ಲೂ ಈಗ ಚೆನ್ನಾಗೇ ಇರುತ್ತವೆ. ಕಲ್ಲು ಬೀಳುವ ಕಡೆ ಕ್ಯಾಬಿನ್ ಮೇಲಿನ ಗಾರ್ಡ್ ಮಾತ್ರ ಐಚ್ಛಿಕ ಎಂದು ಬಿಟ್ಟಿದ್ದಾರೋ ನೋಡಿ, ಬಿಟ್ಟಿದ್ದರೆ ಹಾಕಿಸಿ. ದೂರದಿಂದ ಯಂತ್ರ ನೋಡುವ ವ್ಯವಸ್ಥೆ, ಕೊಮಾಟ್ಸುವಿನ ಕಾಮ್‌ಟ್ರ್ಯಾಕ್ಸ್, ಹಿಟಾಚಿಯ ಕಾನ್‌ಸೈಟ್, ವೋಲ್ವೊದ ಕೇರ್‌ಟ್ರ್ಯಾಕ್ ಥರದವು, ಎಲ್ಲ ದೊಡ್ಡ ಕಂಪನಿಗಳಲ್ಲೂ ಇವೆ. ಅದರಲ್ಲಿ ದಿನಾ ನೋಡಬೇಕಾದ ಅಂಕಿ ಒಂದೇ: ಎಂಜಿನ್ ಓಡಿದ ಗಂಟೆಯಲ್ಲಿ ಸುಮ್ಮನೆ ನಿಂತದ್ದೆಷ್ಟು.

ಸರ್ವೀಸ್ ಎಷ್ಟು ದೂರ

ನೂರು ಗಂಟೆ ಯಂತ್ರ ನಿಂತಿತು ಅಂದರೆ, 150 ಟನ್ ಲೆಕ್ಕದಲ್ಲಿ ಕ್ರಷರಿಗೆ 15,000 ಟನ್ ಕಲ್ಲು ಹೋಗಲಿಲ್ಲ. ವರ್ಷದ 2,000 ಗಂಟೆಯಲ್ಲಿ ಅದು ಬರೀ ಶೇ 5. ಗಂಟೆಗೊಂದು ಲೀಟರ್ ಡೀಸೆಲ್ ಉಳಿಸಿ ವರ್ಷಕ್ಕೆ ಗಳಿಸಿದ 1 ಲಕ್ಷ 80 ಸಾವಿರ ಈ ನಷ್ಟದ ಮುಂದೆ ಏನೂ ಅಲ್ಲ. ಆದ್ದರಿಂದ ಡೆಮೊ ಅಂಕಿಗಳು ಸಮಸಮ ಬಂದಿದ್ದರೆ, ಅಥವಾ ಅಂತರ ಶೇ 5ರೊಳಗಿದ್ದರೆ, ನಾನು ಡೀಲರ್ ನೋಡಿ ತೀರ್ಮಾನಿಸುತ್ತೇನೆ, ಯಂತ್ರ ನೋಡಿ ಅಲ್ಲ.

ಡೀಲರ್ ನೋಡುವುದೆಂದರೆ ಶೋರೂಮಿನ ಗಾಜು ನೋಡುವುದಲ್ಲ. ನಿಮ್ಮ ಕ್ವಾರಿಯಿಂದ ಐವತ್ತು ಕಿಲೋಮೀಟರ್ ಒಳಗೆ ಅದೇ ಮಾಡೆಲ್ ಇಟ್ಟುಕೊಂಡಿರುವ ನಾಲ್ಕು ಮಂದಿಯನ್ನು ಹುಡುಕಿ. ಅವರನ್ನು ಯಂತ್ರ ಹೇಗಿದೆ ಎಂದು ಕೇಳಬೇಡಿ, ತಮ್ಮ ಆಯ್ಕೆಯನ್ನು ಯಾರೂ ಬಿಟ್ಟುಕೊಡುವುದಿಲ್ಲ. ಕೊನೆಯ ಸಲ ಯಂತ್ರ ನಿಂತಾಗ ಮೆಕ್ಯಾನಿಕ್ ಎಷ್ಟು ಹೊತ್ತಿಗೆ ಬಂದರು, ಬಿಡಿಭಾಗ ಜಿಲ್ಲೆಯಲ್ಲೇ ಸಿಕ್ಕಿತೋ ಬೇರೆ ರಾಜ್ಯದಿಂದ ಬಂತೋ ಎಂದು ಕೇಳಿ. ಹೋಸ್ ಒಡೆಯುವುದು, ಸೀಲ್ ಸೋರುವುದು ಎಲ್ಲ ಯಂತ್ರಕ್ಕೂ ಇದ್ದದ್ದೇ, ಆದರೆ ಕಂಟ್ರೋಲರ್ ಅಥವಾ ಪಂಪು ಕೈಕೊಟ್ಟಾಗ ಊರಿನ ಮಿಸ್ತ್ರಿ ಏನೂ ಮಾಡಲಾರರು. ನಿಮ್ಮ ಹತ್ತಿರ ಈಗಾಗಲೇ ಒಂದು ಬ್ರ್ಯಾಂಡಿನ ಯಂತ್ರವಿದ್ದರೆ ಅದೇ ಬ್ರ್ಯಾಂಡಿನ ಎರಡನೆಯದಕ್ಕೆ ಸ್ವಲ್ಪ ಹೆಚ್ಚು ಕೊಟ್ಟರೂ ತಪ್ಪಲ್ಲ. ಫಿಲ್ಟರ್, ಹಲ್ಲು, ಪಿನ್ ಎರಡಕ್ಕೂ ಹೊಂದಿದರೆ ಶೆಡ್ಡಿನಲ್ಲಿ ಸ್ಟಾಕ್ ಅರ್ಧಕ್ಕಿಳಿಯುತ್ತದೆ.

ಮರುಮಾರಾಟದ ಬೆಲೆಯೂ ಇದರ ನೆರಳೇ. ಒಂದು ಜಿಲ್ಲೆಯಲ್ಲಿ ಯಾವ ಯಂತ್ರ ಹೆಚ್ಚು ಓಡಾಡುತ್ತದೋ ಅದಕ್ಕೆ ಮೆಕ್ಯಾನಿಕ್ ಸುಲಭ, ಹಳೇ ಬಿಡಿಭಾಗ ಸುಲಭ, ಗಿರಾಕಿಯೂ ಸುಲಭ. 10,000 ಗಂಟೆಯಲ್ಲಿ ಮೂರು ಲಕ್ಷ ಹೆಚ್ಚಿಗೆ ಸಿಕ್ಕರೆ ಗಂಟೆಗೆ 30 ರೂಪಾಯಿ ಉಳಿದಂತೆ. ಮೂಲ ಇನ್‌ವಾಯ್ಸ್, ಸಾಲ ತೀರಿಸಿದ ಎನ್‌ಒಸಿ, ಸರ್ವೀಸ್ ದಾಖಲೆ ಜೋಪಾನವಾಗಿರಲಿ. ಬೆಲೆಯ ಮೇಲೆ ಶೇ 18ರ ಜಿಎಸ್‌ಟಿ ಇದೆ, ನಿಮ್ಮ ವ್ಯವಹಾರದಲ್ಲಿ ಅದು ಇನ್‌ಪುಟ್ ಕ್ರೆಡಿಟ್ ಆಗಿ ವಾಪಸ್ ಸಿಗುತ್ತದೋ ಇಲ್ಲವೋ ಎಂಬುದನ್ನು ಬುಕಿಂಗಿಗೆ ಮೊದಲೇ ಆಡಿಟರ್ ಹತ್ತಿರ ಕೇಳಿ. 60 ಲಕ್ಷದ ಮೇಲೆ ಅದೇ 10 ಲಕ್ಷ 80 ಸಾವಿರ.

ಎಲ್ಲ ಆದಮೇಲೆ ಕೊಟೇಶನ್ನನ್ನು ಮತ್ತೆ ಬರೆಸಿಕೊಳ್ಳಿ. ಅದರಲ್ಲಿ ಆರ್ಮಿನ ಉದ್ದ, ಚೈನ್ ಪಟ್ಟಿಯ ಅಗಲ, ಬಕೆಟ್ಟಿನ ಘನ ಮೀಟರ್ ಯಾವ ಮಾನದಂಡದ್ದು ಮತ್ತು ತಗಡಿನ ದಪ್ಪ, ಬ್ರೇಕರ್ ಲೈನ್ ಇದೆಯೋ ಇಲ್ಲವೋ, ಕ್ಯಾಬಿನ್ ಗಾರ್ಡ್, ವಾರಂಟಿ ಎಷ್ಟು ಗಂಟೆಗೆ ಮತ್ತು ಬ್ರೇಕರ್ ಕೆಲಸಕ್ಕೆ ಅನ್ವಯಿಸುತ್ತದೋ, ಮೆಕ್ಯಾನಿಕ್ ಎಷ್ಟು ಗಂಟೆಯೊಳಗೆ ಬರಬೇಕು, ಅವರ ಓಡಾಟದ ಖರ್ಚು ಯಾರದು, ಇವಿಷ್ಟೂ ಅಕ್ಷರದಲ್ಲಿರಬೇಕು. ಇಬ್ಬರು ಡೀಲರುಗಳಲ್ಲಿ ಒಬ್ಬರು ಇದನ್ನು ಬರೆದುಕೊಟ್ಟು, ಇನ್ನೊಬ್ಬರು "ಅದೆಲ್ಲ ನಾವು ನೋಡ್ಕೋತೀವಿ ಸರ್" ಅಂದರೆ, ಬರೆದುಕೊಟ್ಟವರಿಗೆ ಅಡ್ವಾನ್ಸ್ ಕೊಡಿ.